ಕಾಡಿನ ಗೇಟಿನ ಫಲಕವನ್ನು ಓದುವುದು ಹೇಗೆ?



ಕಳೆದ ಜನವರಿಯಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ರಾಣಿಪುರಂ ಬೆಟ್ಟಕ್ಕೆ ಹೋಗಿದ್ದೆ. ಕಾಸರಗೋಡಿನ ಮಕ್ಕಳಿಗೆ ರಾಣಿಪುರಂ ಎಲ್ಲಿ ಉಂಟು ಅಂತ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಾಞಂಗಾಡಿನಿಂದ ಪೂರ್ವಕ್ಕೆ, ಪನತ್ತಡಿ ಪಂಚಾಯತಿನಲ್ಲಿ, ಕೊಡಗಿನ ಗಡಿಗೆ ತಾಗಿಕೊಂಡು ಈ ಬೆಟ್ಟ ಇದೆ. ಹಿಂದೆ ಇದನ್ನು ಮಾಡತ್ತುಮಲೆ ಎಂದು ಕರೆಯುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರ. ಬೆಟ್ಟದ ಆಚೆ ಬದಿಗೆ ಇಳಿದರೆ ಕರ್ನಾಟಕದ ತಲಕಾವೇರಿ ವನ್ಯಜೀವಿ ಧಾಮ. ಕೆಳಗಡೆ ದಟ್ಟ ಕಾಡು, ಮೇಲೆ ಹೋದಂತೆ ಬರೀ ಹುಲ್ಲು, ಹುಲ್ಲಿನ ನಡುವೆ ಕಣಿವೆಗಳಲ್ಲಿ ಮಾತ್ರ ಅಲ್ಲಲ್ಲಿ ಮರಗಳ ಗುಂಪು. ಇಂಥ ಮರಗಳ ಗುಂಪಿಗೆ ಶೋಲಾ ಕಾಡು ಎನ್ನುತ್ತಾರೆ.

ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟು ಮಾಡಿಸುವಾಗ ಅಲ್ಲಿದ್ದ ಸೂಚನಾ ಫಲಕವನ್ನು ಮಕ್ಕಳು ಗಟ್ಟಿಯಾಗಿ ಓದಿದರು. ಪ್ಲಾಸ್ಟಿಕ್ ಒಯ್ಯಬಾರದು, ಹಾದಿ ಬಿಟ್ಟು ಹೋಗಬಾರದು, ಬೆಂಕಿ ಹಾಕಬಾರದು, ಹೊತ್ತು ಮುಳುಗುವ ಮೊದಲು ಹಿಂದೆ ಬರಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು. ಮೇಲೆ ಹತ್ತಿ ಹುಲ್ಲುಗಾವಲು ತಲುಪಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು: "ಸರ್, ಹಾದಿ ಬಿಟ್ಟು ಹೋಗಬಾರದು ಅಂತ ಯಾಕೆ? ಅದು ಬರೀ ಹುಲ್ಲಲ್ವಾ? ಹುಲ್ಲಿನ ಮೇಲೆ ನಡೆದರೆ ಏನಾಗ್ತದೆ?"

ನಾನು, "ನಿಯಮ ಅಂದ ಮೇಲೆ ಪಾಲಿಸಬೇಕಪ್ಪ" ಎಂದುಬಿಟ್ಟೆ. ಅವಳು ಸುಮ್ಮನಾದಳು. ಬಸ್ಸಿನಲ್ಲಿ ಹಿಂದೆ ಬರುವಾಗ ನನಗೆ ನಾಚಿಕೆಯಾಯಿತು. "ಯಾಕೆ" ಅಂತ ಕೇಳಿ ಎಂದು ತರಗತಿಯಲ್ಲಿ ದಿನಾ ಹೇಳುವವನು ನಾನೇ. ನಿಜವಾಗಿ ಒಬ್ಬಳು ಕೇಳಿದಾಗ ಉತ್ತರ ಕೊಡಲಿಲ್ಲ.

ಈ ಲೇಖನ ಆ ಹುಡುಗಿಗೆ ನಾನು ಬಾಕಿ ಇಟ್ಟ ಉತ್ತರ. ಕಾಡಿನ ಗೇಟಿನ ಫಲಕದ ಒಂದೊಂದು ಸಾಲಿನ ಹಿಂದೆಯೂ ನಿಮ್ಮ ಪಠ್ಯಪುಸ್ತಕದ ಒಂದೊಂದು ಪಾಠ ಉಂಟು. ಕೆಲವು ಸಾಲುಗಳ ಹಿಂದೆ ಜೀವ ಕಳಕೊಂಡವರ ಕತೆಯೂ ಉಂಟು. ಕಾರಣ ಗೊತ್ತಿದ್ದರೆ ಫಲಕ ಇಲ್ಲದ ಕಡೆಯಲ್ಲೂ ಸರಿಯಾಗಿ ನಡಕೊಳ್ಳಬಹುದು.

"ಕುಡಿಯುವ ನೀರು ಜೊತೆಗಿರಲಿ"

ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ತೂಕ 45 ಕಿಲೋ, ನೀವು ಹತ್ತಬೇಕಾದ ಎತ್ತರ 300 ಮೀಟರ್ ಎಂದು ಇಟ್ಟುಕೊಳ್ಳಿ. ಗುರುತ್ವದ ವಿರುದ್ಧ ಮಾಡುವ ಕೆಲಸಕ್ಕೆ ಸೂತ್ರ ನಿಮಗೆ ಗೊತ್ತೇ ಇದೆ: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧ. 45 × 10 × 300 = 1,35,000 ಜೂಲ್. ಅಂದರೆ 135 ಕಿಲೋಜೂಲ್.

ಆದರೆ ನಮ್ಮ ಸ್ನಾಯುಗಳು ಅಷ್ಟು ದಕ್ಷ ಯಂತ್ರಗಳಲ್ಲ. ತಿಂದ ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಪಾಲು ಮಾತ್ರ ಹತ್ತುವ ಕೆಲಸಕ್ಕೆ ಸಿಗುತ್ತದೆ. ಉಳಿದ ಮುಕ್ಕಾಲು ಪಾಲು ಉಷ್ಣವಾಗುತ್ತದೆ. ಹಾಗಾಗಿ 135 ಕಿಲೋಜೂಲ್ ಕೆಲಸಕ್ಕೆ ದೇಹ ಸುಮಾರು 540 ಕಿಲೋಜೂಲ್ ಖರ್ಚು ಮಾಡುತ್ತದೆ. ಇದು ಎರಡು ಮೂರು ಇಡ್ಲಿಯಲ್ಲಿರುವ ಶಕ್ತಿ, ಅಷ್ಟೇ. ಬೆಟ್ಟ ಹತ್ತಲು ಚೀಲ ತುಂಬ ತಿಂಡಿ ಬೇಕಾಗಿಲ್ಲ ಎಂಬುದಕ್ಕೆ ಇದೇ ಪುರಾವೆ!

ನಾವು ಚಿಂತೆ ಮಾಡಬೇಕಾದ್ದು ಉಳಿದ 405 ಕಿಲೋಜೂಲ್ ಉಷ್ಣದ ಬಗ್ಗೆ. ನಮ್ಮ ದೇಹದ ಒಂದು ಕಿಲೋ ಭಾಗವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3.5 ಕಿಲೋಜೂಲ್ ಸಾಕು. ಈ ಉಷ್ಣವೆಲ್ಲ ಒಳಗೇ ಉಳಿದರೆ ದೇಹದ ಉಷ್ಣತೆ ಎರಡೂವರೆ ಡಿಗ್ರಿ ಏರುತ್ತದೆ. 37 ಇದ್ದದ್ದು 39.5 ಆಗುತ್ತದೆ. ಅದು ಒಳ್ಳೆಯ ಜ್ವರ! ಹಾಗಾಗದಂತೆ ನೋಡಿಕೊಳ್ಳುವುದು ಬೆವರು. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 2.4 ಕಿಲೋಜೂಲ್ ಉಷ್ಣವನ್ನು ಎಳೆದುಕೊಂಡು ಹೋಗುತ್ತದೆ. 405 ಅನ್ನು 2.4 ರಿಂದ ಭಾಗಿಸಿ ನೋಡಿ. ಹತ್ತಿರ ಹತ್ತಿರ 170 ಗ್ರಾಂ, ಅಂದರೆ ಒಂದು ಲೋಟ ಬೆವರು.

ಇದು ಕಾಗದದ ಮೇಲಿನ ಲೆಕ್ಕ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆವಿಯಾಗುವ ಮೊದಲೇ ತೊಟ್ಟಿಕ್ಕಿ ಹೋಗುತ್ತದೆ. ತೊಟ್ಟಿಕ್ಕಿದ ಬೆವರು ಉಷ್ಣವನ್ನು ಒಯ್ಯುವುದಿಲ್ಲ, ಅದು ಬರೀ ನಷ್ಟ. ಹಾಗಾಗಿ ನಿಜದಲ್ಲಿ ಎರಡು ಮೂರು ಪಟ್ಟು ಬೆವರು ಹೋದರೂ ಆಶ್ಚರ್ಯವಿಲ್ಲ. ಆದೋನಿ, ರಾಯದುರ್ಗದ ಕಡೆಯ ಕಲ್ಲುಬೆಟ್ಟ ಹತ್ತುವ ಮಕ್ಕಳಿಗೆ ಇದರ ತಿರುಗುಮುರುಗು. ಅಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. "ನನಗೆ ಬೆವರೇ ಬರಲಿಲ್ಲ" ಅಂದುಕೊಂಡು ನೀರು ಕುಡಿಯದೆ ಇರುತ್ತಾರೆ. ಬಂಡೆಯ ಬಿಸಿ ಬೇರೆ.

ಬಾಯಾರಿಕೆಗೆ ಕಾಯದೆ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಇರಿ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಲಿಂಬೆ, ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿದ ಪಾನಕವಾದರೆ ಇನ್ನೂ ಒಳ್ಳೆಯದು. ಪುನರ್ಪುಳಿ ಶರಬತ್ತೂ ಆಗಬಹುದು. ಜೊತೆಯವರಲ್ಲಿ ಯಾರಿಗಾದರೂ ತಲೆ ತಿರುಗುವುದು, ವಾಂತಿ ಬಂದ ಹಾಗಾಗುವುದು ಕಂಡರೆ ಅಲ್ಲೇ ನೆರಳಲ್ಲಿ ಕೂರಿಸಿ. "ಇನ್ನು ಸ್ವಲ್ಪವೇ ಇದೆ, ಬಾ" ಅಂತ ಎಳೆಯಬೇಡಿ.

"ಹಾದಿ ಬಿಟ್ಟು ಹೋಗಬೇಡಿ"

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಹುಲ್ಲಿನ ಮೇಲೆ ನಡೆದರೆ ಏನಾಗುತ್ತದೆ?

ಒಂದು ಹೆಜ್ಜೆಯಿಂದ ಏನೂ ಆಗುವುದಿಲ್ಲ. ಹುಲ್ಲು ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ವಾರದ ಕೊನೆಯಲ್ಲಿ ನೂರಾರು ಜನ ಬರುವ ಬೆಟ್ಟದಲ್ಲಿ ಅದೇ ಜಾಗಕ್ಕೆ ನೂರಾರು ಹೆಜ್ಜೆ ಬೀಳುತ್ತದೆ. ಮಣ್ಣು ಎಂದರೆ ಬರೀ ಮಣ್ಣಿನ ಕಣವಲ್ಲ. ಕಣಗಳ ನಡುವೆ ಸಣ್ಣ ಸಣ್ಣ ಖಾಲಿ ಜಾಗಗಳಿರುತ್ತವೆ. ಬೇರು ಉಸಿರಾಡುವುದು ಆ ಜಾಗಗಳ ಗಾಳಿಯಿಂದ, ಮಳೆನೀರು ಕೆಳಗಿಳಿಯುವುದು ಆ ದಾರಿಗಳಿಂದ. ತುಳಿದು ತುಳಿದು ಅವು ಮುಚ್ಚಿಹೋದಾಗ ಬೇರು ಸಾಯುತ್ತದೆ, ಹುಲ್ಲು ಬೋಳಾಗುತ್ತದೆ, ನೆಲ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಮುಂದಿನ ಕೆಲಸವನ್ನು ಮಳೆ ಮಾಡುತ್ತದೆ. ನಮ್ಮ ಕಡೆ ಜೂನಿನ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೆ ಗೊತ್ತು. ಗಟ್ಟಿಯಾದ ನೆಲದೊಳಗೆ ಇಳಿಯಲಾಗದ ನೀರು ಇಳಿಜಾರಿನಲ್ಲಿ ಓಡುತ್ತದೆ. ಓಡುವ ನೀರು ಮಣ್ಣನ್ನು ಕೊರೆಯುತ್ತದೆ. ಒಂದೆರಡು ಮಳೆಗಾಲದಲ್ಲಿ ಕಾಲುಹಾದಿ ಕಾಲುವೆಯಾಗುತ್ತದೆ. ಕಾಲುವೆಯಲ್ಲಿ ನಡೆಯಲು ಕಷ್ಟ ಅಂತ ಜನ ಪಕ್ಕದ ಹುಲ್ಲಿನಲ್ಲಿ ನಡೆಯುತ್ತಾರೆ, ಅಲ್ಲಿ ಹೊಸ ಹಾದಿ, ಆಮೇಲೆ ಹೊಸ ಕಾಲುವೆ. ಹೀಗೆ ಬೆಟ್ಟದ ಮೈಯಲ್ಲಿ ಗಾಯ ಅಗಲವಾಗುತ್ತಾ ಹೋಗುತ್ತದೆ. ಫಲಕದಲ್ಲಿ ಹಾದಿಯಲ್ಲೇ ನಡೆಯಿರಿ ಎನ್ನುವುದು ಇದಕ್ಕೇ. ಒಂದು ಹಾದಿ ಹಾಳಾದರೆ ಆಗಲಿ, ಉಳಿದ ಬೆಟ್ಟ ಉಳಿಯಲಿ ಎಂಬ ಲೆಕ್ಕ.

ಇನ್ನೊಂದು ಮಾತು. "ಬರೀ ಹುಲ್ಲು" ಎಂದಳಲ್ಲ, ನಾವು ಬಹಳ ಮಂದಿ ಹಾಗೆಯೇ ತಿಳಿದಿದ್ದೇವೆ. ಮರ ಇದ್ದರೆ ಕಾಡು, ಹುಲ್ಲಿದ್ದರೆ ಪಾಳುಭೂಮಿ. ಆದರೆ ಬೆಟ್ಟದ ಮೇಲಿನ ಹುಲ್ಲು ಮತ್ತು ಶೋಲಾ ಎರಡೂ ಸೇರಿ ಒಂದು ಸ್ಪಂಜಿನ ಹಾಗೆ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ಹೀರಿದ ನೀರನ್ನು ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತೋಡುಗಳಿಗೆ ಬಿಡುತ್ತವೆ. ನಮ್ಮ ಪಯಸ್ವಿನಿ ಹೊಳೆ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಬೇಸಗೆಯಲ್ಲಿ ಕಾಸರಗೋಡಿನ ಬಾವಿ, ತೋಟಗಳಿಗೆ ನೀರು ಎಷ್ಟು ದಿನ ಬರುತ್ತದೆ ಎಂಬುದು ದೂರದ ಬೆಟ್ಟದ ಹುಲ್ಲಿನ ಬೇರಿಗೂ ಸಂಬಂಧಪಟ್ಟ ವಿಷಯ. ಹುಲ್ಲಿನ ಬೆಲೆ ಗೊತ್ತಾಗಬೇಕಾದರೆ ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳು ಹತ್ತಿರದ ನಾನ್ನಜಕ್ಕೆ ಹೋಗಿ ನೋಡಬಹುದು. ಅಲ್ಲಿ ಹುಲ್ಲುಗಾವಲನ್ನು ಕಾಪಾಡಿರುವುದೇ ಮಾಳಢೋಕ್ ಹಕ್ಕಿಗಾಗಿ.

"ಬೆಂಕಿ ಹಾಕಬಾರದು"

ಒಂದು ಬೆಂಕಿಕಡ್ಡಿ ಗೀರಿ ಅದರ ತಲೆಯನ್ನು ಮೇಲೆ ಮಾಡಿ ಹಿಡಿದರೆ ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ, ಎಷ್ಟೋ ಸಲ ನಂದಿಯೂ ಹೋಗುತ್ತದೆ. ತಲೆ ಕೆಳಗೆ ಮಾಡಿ ಹಿಡಿದರೆ? ಬೆಂಕಿ ಸರಸರ ಮೇಲೇರಿ ಬೆರಳು ಸುಡುತ್ತದೆ. ಇದು ನಿಮಗೆಲ್ಲ ಅಡುಗೆಮನೆಯಲ್ಲಿ ಆದ ಅನುಭವ.

ಕಾರಣ ಸಂವಹನ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಜ್ವಾಲೆಯ ಮೇಲ್ಗಡೆ ಇರುವ ಕಡ್ಡಿಯ ಭಾಗ ಬೆಂಕಿ ತಾಗುವ ಮೊದಲೇ ಕಾದು ಒಣಗಿ ತಯಾರಾಗಿರುತ್ತದೆ. ಬೆಟ್ಟದ ಇಳಿಜಾರು ಎಂದರೆ ಓರೆಯಾಗಿ ಹಿಡಿದ ದೊಡ್ಡ ಬೆಂಕಿಕಡ್ಡಿ! ಕೆಳಗೆ ಹತ್ತಿದ ಬೆಂಕಿ ಮೇಲಿನ ಒಣಹುಲ್ಲನ್ನು ಕಾಯಿಸುತ್ತಾ ಓಡುತ್ತದೆ. ಬೆಂಕಿ ನಂದಿಸುವವರು ಬಳಸುವ ಒಂದು ಅಂದಾಜು ಸೂತ್ರ ಉಂಟು: ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿ ಮೇಲೇರುವ ವೇಗ ಸುಮಾರು ಇಮ್ಮಡಿಯಾಗುತ್ತದೆ. 20 ಡಿಗ್ರಿ ಇಳಿಜಾರಿನಲ್ಲಿ ನಾಲ್ಕು ಪಟ್ಟು, 30 ಡಿಗ್ರಿಯಲ್ಲಿ ಎಂಟು ಪಟ್ಟು. ನಮ್ಮ ವೇಗ ಮಾತ್ರ ಏರಿನಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಬೆಟ್ಟ ಹತ್ತಿ ಓಡುವವರು ಬೆಂಕಿಯ ಜೊತೆ ಪಂದ್ಯ ಗೆಲ್ಲುವುದಿಲ್ಲ.

ಇದು ಹೆದರಿಸಲಿಕ್ಕೆ ಹೇಳಿದ್ದಲ್ಲ, ನಡೆದ ಸಂಗತಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿನಲ್ಲಿ ಸಿಕ್ಕಿಕೊಂಡರು. ಒಣಗಿದ ಹುಲ್ಲು, ಕಡಿದಾದ ಇಳಿಜಾರು, ಬೀಸುತ್ತಿದ್ದ ಗಾಳಿ. ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹೆಚ್ಚಿನವರು ಯುವಕ ಯುವತಿಯರು. ನಮ್ಮ ನಿಮ್ಮ ಹಾಗೆ ರಜೆಯಲ್ಲಿ ಬೆಟ್ಟ ನೋಡಲು ಬಂದವರು. ಆಮೇಲೆ ತಮಿಳುನಾಡು ಸರಕಾರ ಚಾರಣಕ್ಕೆಂದೇ ನಿಯಮಗಳನ್ನು ತಂದಿತು. ಬೇಸಗೆಯಲ್ಲಿ ಎಷ್ಟೋ ಕಾಡುಹಾದಿಗಳನ್ನು ಮುಚ್ಚುವುದು ಇದೇ ಕಾರಣಕ್ಕೆ. "ಇಷ್ಟು ದೂರ ಬಂದೆವು, ಗೇಟು ಮುಚ್ಚಿದೆಯಲ್ಲ" ಎಂದು ಬೇಸರವಾದಾಗ ಕುರಂಗಣಿಯನ್ನು ನೆನಪು ಮಾಡಿಕೊಳ್ಳಿ.

ಒಂದು ವೇಳೆ ದೂರದಲ್ಲಿ ಹೊಗೆ ಕಂಡರೆ ಏನು ಮಾಡಬೇಕು? ಗುಂಪು ಬಿಡಬೇಡಿ, ಮಾರ್ಗದರ್ಶಕರ ಮಾತು ಕೇಳಿ. ಬೆಂಕಿ ಕೆಳಗಿದ್ದರೆ ಮೇಲಕ್ಕೆ ಓಡಬೇಡಿ, ಬೆಂಕಿ ಹೋಗುವ ದಾರಿ ತಪ್ಪಿಸಿ ಪಕ್ಕಕ್ಕೆ ಸರಿಯಿರಿ. ಹುಲ್ಲಿಲ್ಲದ ಬಂಡೆ, ನೀರಿರುವ ತೋಡು, ಮೊದಲೇ ಸುಟ್ಟು ಆರಿದ ಜಾಗ ಇವು ಆಸರೆ. ಸುಡಲು ಏನೂ ಇಲ್ಲದ ಕಡೆಗೆ ಬೆಂಕಿ ಬರುವುದಿಲ್ಲ. ಬೇಸಗೆಯಲ್ಲಿ ಬೆಟ್ಟಕ್ಕೆ ಹೋಗುವಾಗ ಹತ್ತಿಬಟ್ಟೆ ಹಾಕಿ. ನೈಲಾನ್ ಬಟ್ಟೆ ಶಾಖಕ್ಕೆ ಕರಗಿ ಮೈಗೆ ಅಂಟುತ್ತದೆ.

"ತಿಂಡಿಯ ಪೊಟ್ಟಣ ಎಸೆಯಬಾರದು"

ಪ್ಲಾಸ್ಟಿಕ್ ಕರಗುವುದಿಲ್ಲ ಎಂಬುದು ಒಂದನೇ ತರಗತಿಯಿಂದ ಕೇಳಿದ ಮಾತು. ಅದರಲ್ಲಿ ನೀವು ಕೇಳಿರದ ಒಂದು ಭಾಗ ಉಂಟು, ಅದು ಉಪ್ಪು.

ಜಿಂಕೆ, ಕಡವೆ, ಆನೆ ಇವೆಲ್ಲ ಸೊಪ್ಪು ಹುಲ್ಲು ತಿನ್ನುವ ಪ್ರಾಣಿಗಳು. ಎಲೆ ಹುಲ್ಲುಗಳಲ್ಲಿ ಸೋಡಿಯಂ ತೀರಾ ಕಡಿಮೆ. ಆದರೆ ನರ, ಸ್ನಾಯುಗಳ ಕೆಲಸಕ್ಕೆ ಸೋಡಿಯಂ ಬೇಕೇ ಬೇಕು. ಹಾಗಾಗಿ ಈ ಪ್ರಾಣಿಗಳು ಉಪ್ಪಿನಂಶ ಇರುವ ಮಣ್ಣನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ. ಚಿಪ್ಸಿನ ಖಾಲಿ ಪೊಟ್ಟಣದಲ್ಲಿ ನಮಗೆ ಏನೂ ಕಾಣುವುದಿಲ್ಲ, ಆದರೆ ಒಳಗಡೆ ಉಪ್ಪು, ಎಣ್ಣೆ ಅಂಟಿಕೊಂಡಿರುತ್ತದೆ. ಮೂಗಿನಿಂದ ಲೋಕ ತಿಳಿಯುವ ಪ್ರಾಣಿಗೆ ಅದು ಊಟದ ಆಮಂತ್ರಣ. ನೆಕ್ಕಲು ಹೋಗಿ ಪೊಟ್ಟಣವನ್ನೇ ನುಂಗುತ್ತದೆ. ಹೊಟ್ಟೆಯಲ್ಲಿ ಅದು ಜೀರ್ಣವೂ ಆಗುವುದಿಲ್ಲ, ಸುಲಭವಾಗಿ ಹೊರಗೂ ಹೋಗುವುದಿಲ್ಲ.

ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಎಸೆಯಬಹುದಲ್ಲ, ಅದು ಮಣ್ಣಾಗುತ್ತದಲ್ಲ ಅಂತ ಕೇಳುವಿರಿ. ಮಣ್ಣಾಗುತ್ತದೆ. ಆದರೆ ಅದಕ್ಕೆ ಮೊದಲು ಮಂಗಗಳು ಬಂದು ತಿನ್ನುತ್ತವೆ, ಮನುಷ್ಯ ಬಂದರೆ ಹಣ್ಣು ಸಿಗುತ್ತದೆ ಎಂದು ಕಲಿಯುತ್ತವೆ. ಮುಂದಿನ ವಾರ ಹಾದಿಯಲ್ಲಿ ಬರುವ ಪುಟ್ಟ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಅದೇ ಮಂಗ. ಅದು ಮಂಗನ ತಪ್ಪಲ್ಲ, ನಾವು ಕಲಿಸಿದ ಪಾಠ. ಅವಲಕ್ಕಿಯನ್ನೋ ಇಡ್ಲಿಯನ್ನೋ ಡಬ್ಬಿಯಲ್ಲಿ ಒಯ್ಯಿರಿ. ಸಿಪ್ಪೆಯೂ ಅದೇ ಡಬ್ಬಿಯಲ್ಲಿ ಮನೆಗೆ ಬರಲಿ.

"ಹೊತ್ತು ಮುಳುಗುವ ಮೊದಲು ಹಿಂದಿರುಗಿ"

ಇದಕ್ಕೆ ಎರಡು ಕಾರಣ. ಒಂದು, ಸಂಜೆ ಮತ್ತು ಮುಂಜಾನೆ ಆನೆಯಂಥ ಪ್ರಾಣಿಗಳು ನೀರಿಗೆ, ಮೇವಿಗೆ ಹೊರಡುವ ಹೊತ್ತು. ನಮ್ಮ ಕಣ್ಣು ಮಬ್ಬುಬೆಳಕಿನಲ್ಲಿ ದುರ್ಬಲ. ಅವುಗಳ ಮೂಗು, ಕಿವಿ ಬೆಳಕಿಲ್ಲದೆಯೂ ಕೆಲಸ ಮಾಡುತ್ತವೆ. ಆನೆಗಳು 20 ಹರ್ಟ್ಸ್‌ಗಿಂತ ಕೆಳಗಿನ, ನಮಗೆ ಕೇಳದ ಶಬ್ದಗಳಿಂದಲೂ ಒಂದಕ್ಕೊಂದು ಸುದ್ದಿ ಕೊಡುತ್ತವೆ. ಅಂದರೆ ನಾವು ಅವುಗಳನ್ನು ಗುರುತಿಸುವ ಮೊದಲೇ ಅವು ನಮ್ಮನ್ನು ಗುರುತಿಸಿರುತ್ತವೆ. ಕಂಡರೆ ಸದ್ದು ಮಾಡದೆ ಹಿಂದೆ ಸರಿಯಬೇಕು, ಫೋಟೋಕ್ಕಾಗಿ ಮುಂದೆ ಹೋಗಲೇಬಾರದು.

ಇನ್ನೊಂದು ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ಕಡೆ ಬೆಳಗ್ಗೆ ಚೊಕ್ಕ ಬಿಸಿಲು, ಮಧ್ಯಾಹ್ನ ಕಳೆದರೆ ಗುಡುಗು. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರುತ್ತದೆ, ಸಮುದ್ರದ ಕಡೆಯಿಂದ ಬಂದ ತೇವದ ಗಾಳಿಯನ್ನು ಬೆಟ್ಟ ಮೇಲಕ್ಕೆ ತಳ್ಳುತ್ತದೆ, ಎರಡೂ ಸೇರಿ ಮೋಡ ಬೆಳೆಯುತ್ತದೆ. ಬೋಳು ಹುಲ್ಲುಗಾವಲಿನ ತುದಿಯಲ್ಲಿ ನಿಂತವನೇ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು. ರಬ್ಬರ್ ಚಪ್ಪಲಿ ಹಾಕಿದ್ದೇನೆ, ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ವಿದ್ಯುತ್ತಿಗೆ ಒಂದು ಸೆಂಟಿಮೀಟರ್ ರಬ್ಬರ್ ಯಾವ ಲೆಕ್ಕ?

ಗಡಿಯಾರ ಇಲ್ಲದೆಯೂ ದೂರ ಅಳೆಯಬಹುದು. ಬೆಳಕು ಕ್ಷಣದಲ್ಲಿ ತಲುಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, ಅಂದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮಿಂಚು ಕಂಡೊಡನೆ ಎಣಿಸಲು ಸುರುಮಾಡಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಮುಂದಿನದು ನಿಮ್ಮ ಮೇಲೆಯೇ ಬೀಳಬಹುದು. ಕೂಡಲೇ ತುದಿ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಎಲ್ಲರೂ ಒಟ್ಟಾಗಿ ಮುದ್ದೆಯಾಗಿಯೂ ನಿಲ್ಲಬೇಡಿ.

ಮಳೆಯಲ್ಲಿ ನೆನೆದರೆ

ಇದು ಫಲಕದಲ್ಲಿ ಇಲ್ಲದ ಸಾಲು, ನನ್ನ ಅನುಭವದಿಂದ ಸೇರಿಸುತ್ತಿದ್ದೇನೆ. ಬಿಎಸ್ಸಿ ಓದುವಾಗ ನಾವು ನಾಲ್ಕು ಮಂದಿ ಗೆಳೆಯರು ಜೂನಿನಲ್ಲಿ ಒಂದು ಬೆಟ್ಟಕ್ಕೆ ಹೋದೆವು. ಯಾರನ್ನೂ ಕೇಳಲಿಲ್ಲ. ಎಲ್ಲರದ್ದೂ ಜೀನ್ಸ್ ಪ್ಯಾಂಟು, ಬನಿಯನ್ ಬಟ್ಟೆಯ ಅಂಗಿ. ಅರ್ಧದಲ್ಲಿ ಮಳೆ ಹಿಡಿಯಿತು, ಮೇಲೆ ಗಾಳಿ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ನಡುಗಲು ಸುರುಮಾಡಿದ. ನಾವು ತಮಾಷೆ ಮಾಡಿದೆವು. ಆಮೇಲೆ ಅವನ ಮಾತು ತೊದಲಿತು, ಕೇಳಿದ್ದಕ್ಕೆ ಏನೋ ಉತ್ತರ. ಆಗ ನಮಗೆ ಹೆದರಿಕೆ ಹುಟ್ಟಿತು. ಹೇಗೋ ಎಳೆದುಕೊಂಡು ಕೆಳಗಿಳಿದು ಮೊದಲು ಸಿಕ್ಕ ಮನೆಗೆ ಹೋದೆವು. ಆ ಮನೆಯ ಅಜ್ಜಿ ಒಂದು ಮಾತೂ ಬೈಯದೆ ಅವನ ಒದ್ದೆ ಬಟ್ಟೆ ತೆಗೆಸಿ, ಒಣ ಮುಂಡು ಉಡಿಸಿ, ಕಂಬಳಿ ಹೊದೆಸಿ, ಬೆಲ್ಲದ ಕಾಪಿ ಕುಡಿಸಿದರು. ಅರ್ಧ ಗಂಟೆಯಲ್ಲಿ ಹುಷಾರಾದ.

ಅಜ್ಜಿ ಮಾಡಿದ್ದು ಪೂರಾ ವಿಜ್ಞಾನ. ಎತ್ತರ ಒಂದು ಕಿಲೋಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮೇಲೆ ಒತ್ತಡ ಕಡಿಮೆ, ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಲು ತನ್ನದೇ ಶಕ್ತಿ ಖರ್ಚು ಮಾಡಿ ತಣ್ಣಗಾಗುತ್ತದೆ. ಇದಕ್ಕಿಂತ ದೊಡ್ಡ ವೈರಿ ಒದ್ದೆ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಹತ್ತಿಬಟ್ಟೆಯ ಎಳೆಗಳ ನಡುವೆ ಬೆಚ್ಚಗೆ ಕೂತಿದ್ದ ಗಾಳಿಯ ಜಾಗಕ್ಕೆ ನೀರು ಬಂದಾಗ ಮೈಯ ಬಿಸಿ ಸೋರಿಹೋಗುತ್ತದೆ. ಬೀಸುವ ಗಾಳಿಗೆ ಆ ನೀರು ಆವಿಯಾಗುವಾಗ ಇನ್ನಷ್ಟು ಬಿಸಿ ಹೋಗುತ್ತದೆ. ಹತ್ತುವಾಗ ನಮ್ಮನ್ನು ಕಾಪಾಡಿದ ಅದೇ ಆವಿಯಾಗುವಿಕೆ ಇಲ್ಲಿ ನಮಗೆ ತಿರುಗಿ ಬೀಳುತ್ತದೆ!

ಮಳೆಗಾಲದಲ್ಲಿ ಬೇಗ ಒಣಗುವ ಬಟ್ಟೆ ಹಾಕಿ, ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣಬಟ್ಟೆ, ಒಂದು ಬೈರಾಸು ಇಟ್ಟುಕೊಳ್ಳಿ. ಗೇಟಿನಲ್ಲಿ ತೋರಿಸಿ ಒಯ್ಯಿರಿ, ಹಿಂದೆ ತನ್ನಿ. ನಡುಗುವವನನ್ನು ನೋಡಿ ನಗಬೇಡಿ.

ಜಿಗಣೆಯ ಬಗ್ಗೆ ಕೇಳಿಯೇ ಕೇಳುವಿರಿ. ಮಳೆಗಾಲದ ಕಾಡಿನಲ್ಲಿ ಜಿಗಣೆ ಕಚ್ಚುತ್ತದೆ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಹಿರುಡಿನ್ ಎಂಬ ವಸ್ತುವನ್ನು ಬಿಡುತ್ತದೆ. ಅದಕ್ಕೇ ಜಿಗಣೆ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಸುರಿಯುತ್ತದೆ. ಹೆದರಬೇಕಾಗಿಲ್ಲ. ಉಗುರನ್ನು ಚರ್ಮಕ್ಕೆ ತಾಗಿಸಿ ಸರಿಸಿ ಬಿಡಿಸಿ, ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ರಾತ್ರಿ ಕಾಡಿನಲ್ಲಿ ಉಳಿಯಬೇಕಾದರೆ

ಕಂಡ ಕಂಡಲ್ಲಿ ಡೇರೆ ಹಾಕುವಂತಿಲ್ಲ. ಕಾಡು ಆಯಾ ರಾಜ್ಯದ ಅರಣ್ಯ ಇಲಾಖೆಯ ವಶದಲ್ಲಿರುತ್ತದೆ. ಅನುಮತಿ ಪಡೆದು, ಅವರು ತೋರಿಸಿದ ಜಾಗದಲ್ಲೇ ಉಳಿಯಬೇಕು. ಕೇರಳದ ಅರಣ್ಯ ಇಲಾಖೆ ಶಾಲಾ ಕಾಲೇಜು ಮಕ್ಕಳಿಗಾಗಿ ಪ್ರಕೃತಿ ಶಿಬಿರಗಳನ್ನು ನಡೆಸುತ್ತದೆ. ಕಣ್ಣೂರು ಜಿಲ್ಲೆಯ ಆರಳಂ, ವಯನಾಡಿನ ಮುತ್ತಂಗ ಇಂಥ ಶಿಬಿರಗಳು ನಡೆಯುವ ಜಾಗಗಳು. ನಿಮ್ಮ ಅಧ್ಯಾಪಕರನ್ನು ಕೇಳಿ, ಪೀಡಿಸಿ, ಶಾಲೆಯ ಮೂಲಕ ಅರ್ಜಿ ಹಾಕಿಸಿ.

ಶಿಬಿರದ ಜಾಗ ಆರಿಸುವುದಕ್ಕೂ ವಿಜ್ಞಾನ ಬೇಕು. ಒಣಗಿದ ತೋಡಿನ ಮರಳು ಮೆತ್ತಗಿರುತ್ತದೆ, ಮಲಗಲು ಆಸೆಯಾಗುತ್ತದೆ. ಆದರೆ ಬೆಟ್ಟದ ಮೇಲೆ ಎಲ್ಲೋ ಮಳೆ ಬಂದರೆ ನಿಮ್ಮ ತಲೆಯ ಮೇಲೆ ನಕ್ಷತ್ರ ಇರುವಾಗಲೇ ಕಾಲಬುಡಕ್ಕೆ ನೆರೆ ಬರಬಹುದು. ಕಣಿವೆಯ ತಳವೂ ಬೇಡ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆ ಕೆಳಗೆ ಹರಿದು ಅಲ್ಲಿ ತುಂಬಿಕೊಳ್ಳುತ್ತದೆ. ಒಣಕೊಂಬೆ ಇರುವ ಮರದ ಕೆಳಗೂ ಬೇಡ. ಹೊದಿಕೆ ಎರಡಿದ್ದರೆ ಒಂದನ್ನು ಅಡಿಗೆ ಹಾಸಿ, ಯಾಕೆಂದರೆ ತಣ್ಣಗಿನ ನೆಲ ರಾತ್ರಿಯಿಡೀ ಬೆನ್ನಿನ ಬಿಸಿ ಹೀರುತ್ತಾ ಇರುತ್ತದೆ.

ಕಕ್ಕಸಿನ ವಿಷಯ ಹೇಳಲು ನಾಚಿಕೆ ಬೇಡ. ಕಕ್ಕಸು ಇಲ್ಲದ ಕಡೆ ನೀರಿನಿಂದ ಕಡಿಮೆಯೆಂದರೆ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಕೊಳೆಸುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದು ಮೇಲಿನ ಒಂದು ಗೇಣು ಮಣ್ಣಿನಲ್ಲೇ. ತೋಡಿನ ನೀರು ಎಷ್ಟೇ ತಿಳಿಯಾಗಿದ್ದರೂ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ?

ಮಾಡಿ ನೋಡಿ

ಬೆಟ್ಟಕ್ಕೆ ಹೋಗುವ ಮೊದಲು ಶಾಲೆಯ ಅಂಗಳದಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ಅಳತೆಯ ಎರಡು ತಗಡಿನ ಡಬ್ಬಿಗಳ ಅಡಿ ಕತ್ತರಿಸಿ ಕೊಳವೆಯಂತೆ ಮಾಡಿ. ಅಂಚು ಹರಿತವಾಗಿರುತ್ತದೆ, ಈ ಕೆಲಸವನ್ನು ದೊಡ್ಡವರು ಮಾಡಲಿ. ಒಂದನ್ನು ಎಲ್ಲರೂ ದಿನಾ ನಡೆಯುವ ದಾರಿಯಲ್ಲಿ, ಇನ್ನೊಂದನ್ನು ಯಾರೂ ತುಳಿಯದ ಮರದ ಬುಡದಲ್ಲಿ, ಎರಡು ಬೆರಳು ಆಳಕ್ಕೆ ಮಣ್ಣಿಗೆ ಒತ್ತಿ. ಎರಡಕ್ಕೂ ಅರ್ಧರ್ಧ ಲೀಟರ್ ನೀರು ಹಾಕಿ, ಪೂರಾ ಇಂಗಲು ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಮೂರು ಮೂರು ಸಲ ಬೇರೆ ಬೇರೆ ಜಾಗದಲ್ಲಿ ಮಾಡಿ ಸರಾಸರಿ ತೆಗೆಯಿರಿ.

ನಮ್ಮ ಶಾಲೆಯಲ್ಲಿ ಈ ಪ್ರಯೋಗವನ್ನು ಪ್ರಶ್ನೆ ಕೇಳಿದ ಹುಡುಗಿಯ ಕೈಯಿಂದಲೇ ಮಾಡಿಸಿದೆ. ಮರದ ಬುಡದ ಡಬ್ಬಿ ಖಾಲಿಯಾದ ಮೇಲೂ ದಾರಿಯ ಡಬ್ಬಿಯಲ್ಲಿ ನೀರು ಹಾಗೇ ನಿಂತಿತ್ತು. ಅವಳು ಡಬ್ಬಿಯೊಳಗೆ ಇಣುಕಿ, "ಸರ್, ಇದು ನಾವು ನಡೆದದ್ದರಿಂದ ಆದದ್ದಾ?" ಎಂದಳು. ಹೌದು ಎಂದೆ. ಆ ದಿನ ಬೆಟ್ಟದಲ್ಲಿ ನಾನು ಕೊಡಬೇಕಾಗಿದ್ದ ಉತ್ತರವನ್ನು ಡಬ್ಬಿ ಕೊಟ್ಟಿತು.

ನಿಮ್ಮ ಊರಿನ ಹತ್ತಿರವೂ ಒಂದು ಕಾಡು, ಬೆಟ್ಟ, ಹುಲ್ಲುಗಾವಲು ಇರಬಹುದು. ತಾಳವಾಡಿಯವರಿಗೆ ಸತ್ಯಮಂಗಲದ ಹುಲಿ ಕಾಡು, ನೀಲಗಿರಿಯವರಿಗೆ ಮುದುಮಲೆ, ಗೋವಾದವರಿಗೆ ಮೊಲ್ಲೆಂ. ಅಲ್ಲಿನ ಫಲಕ ತಮಿಳಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಇರಬಹುದು. ಓದಿ, ಅಥವಾ ಓದಿಸಿ ಕೇಳಿ. ಆಮೇಲೆ ಅದನ್ನು ಕನ್ನಡದಲ್ಲಿ ಬರೆಯಿರಿ. ಒಂದೊಂದು ಸಾಲಿನ ಕೆಳಗೆ "ಯಾಕೆಂದರೆ" ಎಂದು ಸೇರಿಸಿ ಕಾರಣ ಬರೆಯಿರಿ. ಕಾರಣ ಹೊಳೆಯದ ಸಾಲು ಇದ್ದರೆ ಹಾಗೇ ಬಿಟ್ಟು, ನಿಮ್ಮ ವಿಜ್ಞಾನ ಅಧ್ಯಾಪಕರ ಮುಂದಿಡಿ. ಅವರು "ನಿಯಮ ಅಂದ ಮೇಲೆ ಪಾಲಿಸಬೇಕಪ್ಪ" ಎಂದರೆ ಸುಮ್ಮನಾಗಬೇಡಿ. ಇನ್ನೊಮ್ಮೆ ಕೇಳಿ.